ಹುಳಿಯಿಲ್ಲದ ನಿಂಬೆ

ಹಣ್ಣನ್ನು ಇವತ್ತು ಕೀಳದಿದ್ದರೆ ಇನ್ನು ಕಿತ್ತ ಹಾಗೇ ಎಂದುಕೊಂಡು ಅವನು ಕತ್ತರಿ ಹಿಡಿದು ಬಾಲ್ಕನಿಯಲ್ಲಿ ನಿಂತಾಗ, ಒಳಗೆ ಸೂಟ್‌ಕೇಸಿನ ಜಿಪ್ಪು ಅರ್ಧದಲ್ಲಿ ಸಿಕ್ಕಿಕೊಂಡ ಸದ್ದಾಯಿತು. ದೊಡ್ಡ ಸೂಟ್‌ಕೇಸು. ಅಕ್ಕನ ಮನೆಗೆ ನಾಲ್ಕು ದಿನಕ್ಕೆ ಹೋಗುವವಳಿಗೆ ಚಿಕ್ಕದು ಸಾಕಾಗಿತ್ತು.

"ನಾಲ್ಕು ದಿನ ಅಂದೆಯಲ್ಲ?" ಎಂದು ಗಿಡದ ಕಡೆ ಮುಖ ಮಾಡಿಕೊಂಡೇ ಹೆಂಡತಿಯನ್ನು ಕೇಳಿದ.

"ಹೂಂ. ನಾಲ್ಕೈದು."

"ಐದಾ?"

"ನೋಡೋಣ ರೀ."

ನೋಡೋಣ. ಈ ಮನೆಯಲ್ಲಿ ಎಲ್ಲವೂ ನೋಡೋಣ, ಆಗಲಿ, ಚೆನ್ನಾಗಿದೆ. ಹದಿಮೂರು ವರ್ಷದಲ್ಲಿ ಒಂದು ಜಗಳವಿಲ್ಲ. ನಿಮ್ಮನ್ನು ನೋಡಿ ಕಲಿಯಬೇಕು ಎಂದು ನೆಂಟರು ಹೇಳುತ್ತಿದ್ದರು. ಏನನ್ನು ಎಂದು ಅವನಿಗೇ ಗೊತ್ತಿರಲಿಲ್ಲ.

ಗಿಡದಲ್ಲಿದ್ದದ್ದು ಒಂದೇ ಹಣ್ಣು. ಆರು ವರ್ಷಕ್ಕೆ ಒಂದು.

ಆರು ವರ್ಷದ ಹಿಂದೆ ಅವಳಿಗೆ ಎದೆಯುರಿ ಶುರುವಾಗಿ, ಡಾಕ್ಟರು ಹುಳಿ ಮುಟ್ಟಲೇಬೇಡಿ ಎಂದಿದ್ದರು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಅವಳು, "ಹುಳಿಯಿಲ್ಲದ ನಿಂಬೆ ಅಂತ ಒಂದು ಇದ್ದಿದ್ದರೆ!" ಎಂದು ನಕ್ಕಿದ್ದಳು. ತಮಾಷೆಗೆ ಅಂದ ಮಾತು. ಅವನು ಅದನ್ನು ಅರ್ಜಿಯ ಹಾಗೆ ಸ್ವೀಕರಿಸಿದ. ನಾಲ್ಕು ನರ್ಸರಿ ಅಲೆದು ಸಿಹಿನಿಂಬೆಯ ಕಸಿ ಗಿಡ ತಂದ. ನರ್ಸರಿಯ ಮುದುಕ ಕುಂಡವನ್ನು ಕೈಗೆ ಕೊಡುತ್ತ ಹೇಳಿದ್ದ: "ಹುಳಿ ಅನ್ನೋದು ಹೆಸರಿಗೂ ಇರಲ್ಲ ಸಾರ್. ಆದ್ರೆ ಹೋಳು ಮಾಡಿದ ತಕ್ಷಣ ತಿಂದುಬಿಡಿ. ಇಟ್ಟು ತಿಂತೀನಿ ಅಂದ್ರೆ ಕಹಿಯಾಗ್ತದೆ. ಕಾಯೋ ಹಣ್ಣಲ್ಲ ಇದು."

ಅವಳ ಎದೆಯುರಿ ಮೂರೇ ತಿಂಗಳಲ್ಲಿ ವಾಸಿಯಾಯಿತು. ಗಿಡ ಉಳಿಯಿತು.

ಉಳಿದು ಅವನ ಪ್ರಾಣ ಹಿಂಡಿತು. ಎಲೆ ಮುದುರಿತು, ಹಳದಿಯಾಯಿತು. ಯಾವುದೋ ಹುಳು ಎಲೆಯೊಳಗೇ ಬೆಳ್ಳಗೆ ಗೀಚಿಕೊಂಡು ಓಡಾಡಿತು. ಹೂವು ಬಿಟ್ಟದ್ದೆಲ್ಲ ಉದುರಿತು. ಚಳಿ ಬಂದಾಗ ಕುಂಡವನ್ನು ಒಳಗೆ ಎತ್ತಿ ತರಲು ಹೋಗಿ ಅವನ ಸೊಂಟ ಹಿಡಿಯಿತು. ನೀರಿನ ಇಲಾಖೆಯ ಪ್ರಯೋಗಾಲಯದಲ್ಲಿ ದಿನಕ್ಕೆ ನಲವತ್ತು ಬಾಟಲಿಗೆ ಕಾಗದದ ಪಟ್ಟಿ ಅದ್ದಿ ಹುಳಿ ಎಷ್ಟು ಎಂದು ಬಣ್ಣ ನೋಡುವವನು, ಗಿಡಕ್ಕೆ ಹಾಕುವ ನೀರಿಗೂ ಪಟ್ಟಿ ಅದ್ದದೆ ಇರುತ್ತಿರಲಿಲ್ಲ. ಅವಳು ಒಮ್ಮೆ ಫೋನಿನಲ್ಲಿ, "ಅದು ಮಾತಾಡಲ್ವಲ್ಲ ಅಕ್ಕ, ಅದಕ್ಕೇ ಇವರಿಗೆ ಇಷ್ಟ" ಎಂದದ್ದು ಕಿವಿಗೆ ಬಿದ್ದಿತ್ತು. ಹೊಗಳಿಕೆಯೋ ದೂರೋ, ಕೇಳಲಿಲ್ಲ.

ಹಣ್ಣು ಕಿತ್ತು, ತೊಳೆದು, ಊಟದ ಮೇಜಿನ ಮೇಲೆ ಎಂಟು ಹೋಳು ಮಾಡಿದ. ಗಡಿಯಾರ ನೋಡಿದ. ಹತ್ತೂಕಾಲು.

"ಬಾ, ಬೇಗ."

"ಬಂದೆ."

"ಈಗಲೇ ತಿನ್ನಬೇಕು ಇದು."

"ಬಂದೇ ರೀ, ಅಕ್ಕನ ಫೋನು."

ತಟ್ಟೆಯನ್ನು ಕೋಣೆಗೇ ಒಯ್ಯಬಹುದಿತ್ತು. ಒಯ್ದರೆ ಸೂಟ್‌ಕೇಸಿನೊಳಗೆ ಏನಿದೆ ಎಂದು ಕಾಣುತ್ತಿತ್ತು. ಇನ್ನೂ ಮೂರು ತಿಂಗಳಾಚೆಯ ಚಳಿಯ ಬಟ್ಟೆಗಳೇನಾದರೂ ಇದ್ದರೆ? ಅವನು ಕುರ್ಚಿಯಲ್ಲೇ ಕೂತ. ಬೆಳಿಗ್ಗೆ ಹಲ್ಲುಜ್ಜುವಾಗಲೇ ಲೆಕ್ಕ ಹಾಕಿಟ್ಟಿದ್ದ: ಮೊದಲ ಹೋಳು ಅವಳಿಗೆ. ಹೇಗಿದೆ ಎಂದು ಕೇಳುವುದು. ಅವಳು ನಿಜ ಹೇಳಿದರೆ, ಸಪ್ಪೆ ಅಂತಲೋ ಸಿಹಿ ಅಂತಲೋ ಏನಾದರೂ ಒಂದು ನಿಜ ಹೇಳಿದರೆ, ಆ ಧೈರ್ಯದ ಮೇಲೆ ಇನ್ನೊಂದನ್ನೂ ಕೇಳಿಬಿಡುವುದು. ವಾಪಸು ಬರ್ತೀಯಾ, ಇಲ್ಲವಾ?

ಬೆಲ್ಲು ಹೊಡೆಯಿತು.

ಕೆಳಮನೆಯ ನಿವೃತ್ತ ಹೆಡ್‌ಮಾಸ್ಟರು. ಕೈಯಲ್ಲಿ ನೀರಿನ ಬಾಟಲಿ. ಆ ಕಟ್ಟಡದಲ್ಲಿ ಬಾಟಲಿಯಿಲ್ಲದೆ ಯಾರಿಗೂ ಇವನ ನೆನಪಾಗುತ್ತಿರಲಿಲ್ಲ.

"ನೀರಿನ ಸಾಹೇಬ್ರೇ, ಎರಡೇ ನಿಮಿಷ."

"ಸಾರ್, ಆಮೇಲೆ ನಾನೇ ಬಂದು..."

"ಅಯ್ಯೋ, ನೀವು ಯಾಕೆ ಮೆಟ್ಟಿಲು ಇಳೀತೀರಿ, ಹತ್ತಿಬಂದಾಯ್ತಲ್ಲ ನಾನು. ನಲ್ಲಿ ನೀರು ಒಗರು ಅಂತೀನಿ ನಾನು. ಸೊಸೆ ಇಲ್ಲ ಅಂತಾಳೆ. ನನ್ನ ನಾಲಿಗೇನೇ ಒಂದು ಪ್ರಯೋಗಾಲಯ ಕಣ್ರೀ. ಆದ್ರೂ ಕಾಗದದ ಮೇಲೆ ಬಂದ್ರೆ ಅದಕ್ಕೊಂದು ತೂಕ."

"ನೀರು ಸರಿಯಾಗೇ ಇದೆ."

"ನೋಡದೇನೇ?"

ಹಲ್ಲು ಕಚ್ಚಿಕೊಂಡು ಪಟ್ಟಿ ಅದ್ದಿದ. ಹಸಿರು. ಹುಳಿಯಿಲ್ಲ, ಏನೂ ಇಲ್ಲ.

"ಹಾಗಾದ್ರೆ ನನ್ನ ನಾಲಿಗೆ ಕೆಟ್ಟಿದೆ ಅಂತೀರಿ."

"ನಾನು ಹಾಗಂದೆನಾ?"

"ಅಂದ ಹಾಗೇ ಆಯ್ತು ಬಿಡಿ. ಸೊಸೆಗೆ ಮಾತ್ರ ಹೇಳಬೇಡಿ ಮಾರಾಯ್ರೆ, ಮನೇಲಿ ನನಗಿರೋದು ಅದೊಂದೇ ಅಧಿಕಾರ." ಹೆಡ್‌ಮಾಸ್ಟರು ಹುಳ್ಳಗೆ ನಕ್ಕರು. ಬಾಗಿಲ ಹತ್ತಿರ ಹೋದವರು ತಿರುಗಿ ಪೈಪಿನ ತುಕ್ಕಿನ ವಿಷಯ ಎತ್ತಿದರು. ಇವನು ಹೂಂ ಎಂದ. ಹೂಂ ಎಂದಷ್ಟೂ ತುಕ್ಕು ಬೆಳೆಯಿತು.

ಬಾಗಿಲು ಹಾಕಿ ಬಂದಾಗ ಹತ್ತೂ ನಲವತ್ತು. ಹೋಳುಗಳ ಅಂಚು ಒಣಗಿತ್ತು. ಅವಳು ಬಂದು, ಕೈಚೀಲವನ್ನು ಹೆಗಲಿನಿಂದ ಇಳಿಸದೆ, ಕುರ್ಚಿಯ ತುದಿಗೆ ಕೂತಳು.

"ಓ, ಹಣ್ಣು ಕಿತ್ರಾ?"

ಒಂದು ಹೋಳು ಬಾಯಿಗಿಟ್ಟಳು. ಅವನು ಅವಳ ಹುಬ್ಬನ್ನೇ ನೋಡುತ್ತ ಕೂತ. ಹುಬ್ಬು ಅಲುಗಲಿಲ್ಲ. ಅಗಿದಳು, ನುಂಗಿದಳು, ಇನ್ನೊಂದು ತೆಗೆದುಕೊಂಡಳು.

"ಹೇಗಿದೆ?"

"ಸಿಹಿಯಾಗಿದೆ."

"ನಿಜವಾಗ್ಲೂ?"

"ಹೂಂ ರೀ. ಚೆನ್ನಾಗಿದೆ." ನಾಲ್ಕು ಹೋಳು ಮುಗಿಸಿ ತಟ್ಟೆಯನ್ನು ಅವನ ಕಡೆ ಸರಿಸಿದಳು. "ಅರ್ಧ ನಿಮಗೆ."

ಅವನ ಎದೆ ಹಗುರಾಯಿತು. ಕೇಳಲು ಬಾಯಿ ತೆರೆದ. ಕೆಳಗೆ ಟ್ಯಾಕ್ಸಿ ಹಾರ್ನ್ ಹೊಡೆಯಿತು.

ಸೂಟ್‌ಕೇಸನ್ನು ಅವನೇ ಇಳಿಸಿದ. ಹಿಡಿದ ಸೊಂಟ ಮತ್ತೆ ಹಿಡಿಯುವಷ್ಟು ಭಾರವಿತ್ತು. ಡಿಕ್ಕಿ ಮುಚ್ಚಿ, ಕಿಟಕಿಯ ಹತ್ತಿರ ಬಗ್ಗಿ, "ಅಲ್ಲಾ, ನೀನು..." ಎಂದ.

"ಮೇಲೆ ಬಾಗಿಲು ತೆರೆದೇ ಇದೆ ರೀ," ಎಂದಳು ಅವಳು. "ಹೋಗಿ. ಗಿಡಕ್ಕೆ ನೀರು ಮರೀಬೇಡಿ."

ಆರು ವರ್ಷದಲ್ಲಿ ಅವನು ಮರೆತದ್ದು ಒಂದು ದಿನವೂ ಇಲ್ಲ. ಅದನ್ನು ಹೇಳುವಷ್ಟರಲ್ಲಿ ಟ್ಯಾಕ್ಸಿ ತಿರುವು ದಾಟಿತ್ತು.

ಮೇಲೆ ಬಂದು, ನಿಂತೇ ಒಂದು ಹೋಳು ಬಾಯಿಗೆ ಹಾಕಿಕೊಂಡ. ನುಂಗದೆ ಉಳಿದ ಮಾತ್ರೆ ನಾಲಿಗೆಯ ಮೇಲೆ ಕರಗಿದ ಹಾಗೆ, ಕಹಿ. ಸಿಂಕಿಗೆ ಓಡಿ ಉಗುಳಿದ. ಬಾಯಿ ಮುಕ್ಕಳಿಸಿದ. ಹೋಗಲಿಲ್ಲ.

ಇದನ್ನು ನಾಲ್ಕು ತಿಂದಳು. ಹುಬ್ಬು ಗಂಟಿಕ್ಕದೆ.

ಅದೇ ಮುಖದಲ್ಲಿ ಅವಳು ಈ ಮನೆಯನ್ನು ಚೆನ್ನಾಗಿದೆ ಎಂದಿದ್ದಳು. ಮದುವೆಯಾದ ಹೊಸತರಲ್ಲಿ ಅವನು ತಂದ ಕಂದು ಪರದೆಯನ್ನು, ಅವನು ಮಾಡಿದ ಅಡುಗೆಯನ್ನು. ಕತ್ತಲಲ್ಲಿ ಅವನು ಕೇಳಿದ ಪ್ರಶ್ನೆಗಳಿಗೂ ಅದೇ ಉತ್ತರ. ಒಂದೊಂದನ್ನೇ ಹೆಕ್ಕಿ ನೋಡಿದ. ಎಲ್ಲದಕ್ಕೂ ಅದೇ ಅಲುಗದ ಹುಬ್ಬು.

ಪಟ್ಟಿಗಳ ಡಬ್ಬಿ ಮೇಜಿನ ಮೇಲೇ ಇತ್ತು. ಒಂದನ್ನು ಉಳಿದ ಹೋಳಿಗೆ ಒತ್ತಿದ. ಹಸಿರು, ನೀರಿಗೆ ಬಂದದ್ದಕ್ಕಿಂತ ತುಸು ಹಳದಿ, ಅಷ್ಟೆ. ಹುಳಿ ಹೆಸರಿಗೂ ಇಲ್ಲ. ಮುದುಕ ಸುಳ್ಳು ಹೇಳಿರಲಿಲ್ಲ. ಇಲಾಖೆಯ ಇಡೀ ಕಪಾಟಿನಲ್ಲಿ ಕಹಿಯನ್ನು ತೋರಿಸುವ ಪಟ್ಟಿ ಒಂದೂ ಇರಲಿಲ್ಲ.

ಇನ್ನೊಂದು ಪಟ್ಟಿ ತೆಗೆದ. ಕೋಣೆಗೆ ಹೋಗಿ, ಕನ್ನಡಿಯ ಮುಂದೆ ನಿಂತು, ನಾಲಿಗೆ ಚಾಚಿ, ಅದರ ಮೇಲೆ ಇಟ್ಟುಕೊಂಡ. ಕನ್ನಡಿಯಲ್ಲಿ, ಅವನ ಹಿಂದಿನ ಗಿಡ್ಡ ಬೀರುವಿನ ನೆತ್ತಿ ಕಾಣುತ್ತಿತ್ತು. ಸೂಟ್‌ಕೇಸು ಇದ್ದಷ್ಟು ಜಾಗ ಬಿಟ್ಟು ಉಳಿದೆಲ್ಲ ಕಡೆ ಧೂಳು.

ಬೆಲ್ಲು ಹೊಡೆಯಿತು. "ಸಾಹೇಬ್ರೇ, ಇನ್ನೊಂದು ಬಾಟಲಿ... ಒಳಗಿದ್ದೀರಾ?"

ಚಾಚಿದ ನಾಲಿಗೆಯಲ್ಲಿ ಉತ್ತರ ಕೊಡುವಂತಿರಲಿಲ್ಲ.

"ಒಳಗೆ ಯಾರಾದ್ರೂ ಇದ್ದೀರಾ?"

ಅವನು ಉಸಿರು ಬಿಗಿಹಿಡಿದು ಪಟ್ಟಿಯನ್ನೇ ನೋಡುತ್ತಿದ್ದ. ಬಣ್ಣ ಇನ್ನೂ ಬಂದಿರಲಿಲ್ಲ.