ಹಕ್ಕಿ ಸುಮ್ಮನಾದ ಮೇಲೆ

"ಇದನ್ನ ಕೈಲಿ ಹಿಡಿದು ನೋಡಿ ಯಜಮಾನ್ರೇ," ಎಂದು ಅಂಗಡಿಯಾಕೆ ಮೂರನೆಯ ರೆಕಾರ್ಡರನ್ನು ಗಾಜಿನ ಮೇಜಿನ ಮೇಲಿಟ್ಟಳು. "ಸೋಪಿನ ಡಬ್ಬಿಗಿಂತ ಹಗುರ."

ತೂಬಜ್ಜ ಹಿಡಿದು ನೋಡಿದ. ಮೂವತ್ತೊಂದು ವರ್ಷ ಕೆರೆಯ ತೂಬಿನ ಕಬ್ಬಿಣದ ಚಕ್ರ ತಿರುಗಿಸಿದ ಕೈ ಅದು; ಅದರಲ್ಲಿ ಯಂತ್ರ ಜೀರುಂಡೆಯ ಹಾಗೆ ಕೂತಿತು. ಕಣ್ಣು ಮುಚ್ಚಿಕೊಂಡು ಗುಂಡಿಗಳನ್ನು ಹೆಬ್ಬೆರಳಲ್ಲಿ ತಡವಿದ. ಬೆಳಕು ಹರಿಯುವ ಮುಂಚೆ ಜೊಂಡಿನೊಳಗೆ ಕೂರುವವನಿಗೆ ಕಣ್ಣಿಗಿಂತ ಬೆರಳೇ ಆಧಾರ.

"ಗುಂಡಿ ಎಲ್ಲಾ ಒಂದೇ ಸಮ ಇದಾವಲ್ಲಮ್ಮ. ಶುರು ಮಾಡೋಕೆ ಹೋಗಿ ಅಳಿಸಿಬಿಟ್ರೆ?"

"ಹಾಗಾದ್ರೆ ಎರಡನೇದೇ ವಾಸಿ," ಎಂದರು ಪಕ್ಕದ ಸ್ಟೂಲಿನಲ್ಲಿದ್ದ ಮೇಷ್ಟ್ರು. "ಅದರ ಕೆಂಪು ಗುಂಡಿ ಉಬ್ಬಿಕೊಂಡಿದೆ. ಮಾಮೂಲಿ ಸೆಲ್ ಸಾಕು, ಯಾವ ಅಂಗಡೀಲೂ ಸಿಗತ್ತೆ. ಅವತ್ತು ಬ್ಯಾಟರಿ ಸತ್ತು ನನ್ನ ಯಂತ್ರ ಕೈಕೊಟ್ಟಿತಲ್ಲ, ಹಾಗಾಗಬಾರದು ನಿನಗೆ."

ಮೇಷ್ಟ್ರು ಯಾವಾಗಲೂ ತೂಬಜ್ಜನ ಎಡಕ್ಕೇ ಕೂರುವವರು. ಅವನ ಬಲಗಿವಿ ಹೋಗಿ ನಾಲ್ಕು ವರ್ಷವಾಗಿತ್ತು. ಎಡಗಿವಿಯೂ ಹೆಚ್ಚೆಂದರೆ ಇನ್ನೊಂದು ವರ್ಷ ಎಂದಿದ್ದರು ಡಾಕ್ಟರು. ಅದಕ್ಕೇ ಈ ಯಂತ್ರ.

"ಕಿವಿ ಹೋದ ಮೇಲೆ ಇದನ್ನ ಇಟ್ಕೊಂಡು ಏನ್ಮಾಡ್ತೀರ ಅಜ್ಜಾ?" ಎಂದು ಅಂಗಡಿಯಾಕೆ ಕೇಳಿಯೇಬಿಟ್ಟಳು.

"ನನಗಲ್ಲಮ್ಮ, ಮೊಮ್ಮಗಳಿಗೆ. ಹೂಜಿ ಹಕ್ಕಿ ಅಂತ ಒಂದಿದೆ ಅಂದ್ರೆ, ಅಜ್ಜ ಬುರುಡೆ ಬಿಡ್ತಾನೆ ಅಂತಾಳೆ."

ಖಾಲಿ ಹೂಜಿಯ ಬಾಯಿಗೆ ತುಟಿಯಿಟ್ಟು ಊದಿದರೆ ಬರುವ ಸದ್ದೇ ಆ ಹಕ್ಕಿಯ ಕೂಗು. ಜೊಂಡಿನ ಬಣ್ಣವೇ ಅದರ ಬಣ್ಣವಾದ್ದರಿಂದ ಕಣ್ಣಿಗೆ ಬೀಳುವುದಿಲ್ಲ, ಕಿವಿಗೆ ಮಾತ್ರ. ಆರು ವರ್ಷದ ಹಿಂದೆ ಒಂದು ಜೋಡಿ ಕೆರೆಯಲ್ಲಿ ಗೂಡು ಕಟ್ಟಿತ್ತು. ತೂಬಜ್ಜ ಆ ಜಾಗವನ್ನು ಇಬ್ಬರಿಗಷ್ಟೇ ತೋರಿಸಿದ್ದ: ಒಬ್ಬರು ಮೇಷ್ಟ್ರು, ಇನ್ನೊಬ್ಬ ದೋಣಿ ನಡೆಸುವ ಅವನ ಭಾಮೈದ. ಯಾರ ಕಿವಿಗೂ ಬೀಳಬಾರದೆಂದು ಇಬ್ಬರಿಂದಲೂ ಮಾತು ತಗೊಂಡಿದ್ದ. ಹದಿನೈದೇ ದಿನಕ್ಕೆ ಕ್ಯಾಮೆರಾ ಹೊತ್ತ ಮಂದಿ ಹಿಂಡುಹಿಂಡಾಗಿ ಬಂದು ಜೊಂಡು ತುಳಿದರು. ಹಕ್ಕಿಗಳು ಎದ್ದುಹೋದವು. ಗೂಡಿನಲ್ಲಿ ನಾಲ್ಕು ಮೊಟ್ಟೆ ತಣ್ಣಗೆ ಉಳಿದವು.

ಭಾಮೈದ ಬಾಯಿಬಡುಕ, ದಿನಾ ನೂರು ಜನರನ್ನು ಆಚೆ ದಡಕ್ಕೆ ದಾಟಿಸುವವನು. ಅವನಲ್ಲದೆ ಇನ್ಯಾರು? "ನನ್ನ ಅಕ್ಕನ ಮೇಲಾಣೆ ಭಾವ, ನಾನಲ್ಲ" ಎಂದು ಅವನು ಅತ್ತ. ತೂಬಜ್ಜನ ಮನಸ್ಸು ಒಂದು ಗಳಿಗೆ ಕರಗಿತ್ತು ಕೂಡ. ಅವತ್ತು ಮೇಷ್ಟ್ರು ಮೆಲ್ಲಗೆ, "ಮನೆಯೊಳಗಿನ ಏಟೇ ಜೋರು ಕಣಯ್ಯ" ಎಂದಿದ್ದರು. ಆಮೇಲೆ ಮಾತಿಲ್ಲ ಕತೆಯಿಲ್ಲ. ಅಕ್ಕ ಹಾಸಿಗೆ ಹಿಡಿದಾಗ ಭಾಮೈದ ಬಂದು ಬಾಗಿಲಾಚೆ ನಿಂತು, ಒಳಗೆ ಕರೆಯುವವರಿಲ್ಲದೆ ಹಾಗೇ ಹೊರಟುಹೋಗಿದ್ದ.

ಈಗ, ಇಪ್ಪತ್ತು ದಿನದ ಹಿಂದೆ, ಹಕ್ಕಿ ತಿರುಗಿ ಬಂದಿತ್ತು. ಬೇರೆ ಕಡೆ ಕೂಗುತ್ತಿತ್ತು. ಬಂದ ಸುದ್ದಿಯನ್ನು ತೂಬಜ್ಜ ಫೋನು ಮಾಡಿ ಮೇಷ್ಟ್ರಿಗೊಬ್ಬರಿಗೇ ಹೇಳಿದ್ದ. ಯಂತ್ರ ಕೊಂಡ ಮಾರನೇ ಬೆಳಿಗ್ಗೆಯೇ ಜಾಗ ತೋರಿಸುವುದೆಂದು ಮಾತಾಗಿತ್ತು.

"ಇವು ಮೂರೂ ಸುಮ್ನಿರೋದನ್ನ ಕೇಳಿಸಮ್ಮ," ಎಂದ ತೂಬಜ್ಜ.

ಅಂಗಡಿಯಾಕೆಗೆ ನಗು ಬಂತು. "ಸುಮ್ನಿರೋದನ್ನ ಕೇಳೋಕೆ ಬಂದ ಗಿರಾಕಿ ನೀವೇ ಮೊದಲು."

"ಯಂತ್ರಕ್ಕೂ ಉಸಿರಿರತ್ತೆ. ಅದರ ಉಸಿರೇ ಜೋರಾದ್ರೆ ಹಕ್ಕಿ ಎಲ್ಲಿ ಕೇಳ್ಬೇಕು?"

ಒಂದೊಂದನ್ನೂ ಹೆಡ್‌ಫೋನಿನಲ್ಲಿ ಕೇಳಿದ. ಮೊದಲನೆಯದು ಹುರಿಯುವ ಬಾಣಲೆಯ ಹಾಗೆ ಸುಯ್ಯೆಂದಿತು. ಮೂರನೆಯದು ಸೊಳ್ಳೆಯ ಹಾಗೆ ಗುಂಯ್ಗುಟ್ಟಿತು. ಎರಡನೆಯದು ಸುಮ್ಮನಿತ್ತು. ಮೇಷ್ಟ್ರು ಟೀ ತರುತ್ತೇನೆಂದು ರಸ್ತೆಗಿಳಿದರು.

"ಎರಡನೇದರಲ್ಲಿ ಒಂದು ಒಳ್ಳೇ ಧ್ವನಿ ಹಾಕ್ತೀನಿ, ಆಗ ಗೊತ್ತಾಗತ್ತೆ ಅದರ ಯೋಗ್ಯತೆ," ಎಂದಳು ಆಕೆ. "ಹಕ್ಕಿ ಸಂಘದ ಬಹುಮಾನ ಬಂದಿದ್ದು. ಬಂದೋರಿಗೆಲ್ಲ ಇದನ್ನೇ ಕೇಳಿಸೋದು."

ಮೊದಲು ನೀರು. ಆಮೇಲೆ ಕಪ್ಪೆ. ಆಮೇಲೆ ಯಾರೋ ಹೂಜಿ ಊದಿದಂತೆ, ಒಂದು ಸಲ, ಎರಡು ಸಲ. ತೂಬಜ್ಜನ ಮುಖ ಅರಳಿತು. ತನ್ನದಲ್ಲದ ಕೆರೆಯಲ್ಲೂ ಈ ಹಕ್ಕಿ ಇದೆಯಲ್ಲ ಎಂದುಕೊಂಡ. ಆಗ ದೂರದಲ್ಲಿ ಕಬ್ಬಿಣ ಕಿರುಗುಟ್ಟಿತು. ಕಿರ್ರ್, ಕಿರ್ರ್, ಟಕ್. ಮತ್ತೆ ಕಿರ್ರ್, ಕಿರ್ರ್, ಟಕ್. ತೂಬಿನ ಹಲ್ಲು ಮುರಿದ ಚಕ್ರ. ಅದನ್ನು ತಿರುಗಿಸುತ್ತಿದ್ದ ಕೈಗಳು ಈಗ ಗಾಜಿನ ಮೇಲಿದ್ದವು.

ಹಕ್ಕಿ ನಿಂತಿತು. ನೀರಿನ ಸದ್ದು ಉಳಿಯಿತು. ಮೇಷ್ಟ್ರು ಹೊಸತರಲ್ಲಿ ಯಂತ್ರ ಹಿಡಿದೊಡನೆ ದಿನ, ಹೊತ್ತು, ಜಾಗ ಎಲ್ಲ ಜೋರಾಗಿ ಹೇಳಿ ಹಕ್ಕಿಯ ಬಾಯಿ ಮುಚ್ಚಿಸುತ್ತಿದ್ದರು. "ಅವರ ಮನೆಗೆ ಹೋಗಿದೀವಿ ಮೇಷ್ಟ್ರೇ, ಮೊದಲು ಅವರ ಮಾತು ಮುಗೀಲಿ. ನಮ್ಮ ಪ್ರವರ ಆಮೇಲೆ," ಎಂದು ಕಲಿಸಿದವನು ತೂಬಜ್ಜನೇ. ಹಾಗೆ ಕಲಿತವರದೇ ಯಂತ್ರವಾಗಿದ್ದರೆ ಕೊನೆಗೆ ಮಾತು ಬರಲೇಬೇಕು; ಅವನು ಹೆಡ್‌ಫೋನು ತೆಗೆಯಲಿಲ್ಲ. ಕಾದ.

"ಬೆಳಿಗ್ಗೆ ಐದೂ ನಲವತ್ತು," ಎಂದಿತು ಮೇಷ್ಟ್ರ ಪಿಸುದನಿ, ಎಡಗಿವಿಗೆ ಬಾಯಿಟ್ಟು ಹೇಳಿದ ಹಾಗೆ. "ತೂಬಿನಿಂದ ಎಡಕ್ಕೆ ನಾನೂರ ಹತ್ತು ಹೆಜ್ಜೆ, ಮುರಿದ ಕಂಬದ ಹಿಂದೆ. ಗೂಡು ಪತ್ತೆ ಮಾಡಿದ್ದು ನಾನೊಬ್ಬನೇ."

ಆ ಹೆಜ್ಜೆಗಳನ್ನು ಎಣಿಸಿಕೊಟ್ಟವನು ತೂಬಜ್ಜ. ಅವತ್ತು ತೂಬು ಎತ್ತಿ ತಿರುಗಿ ಬಂದವನಿಗೆ ಮೇಷ್ಟ್ರು ಯಂತ್ರ ತೋರಿಸಿ, "ಬ್ಯಾಟರಿ ಸತ್ತುಹೋಯ್ತು ಕಣಯ್ಯ, ಒಂದು ಕೂಗೂ ಸಿಗಲಿಲ್ಲ" ಎಂದಿದ್ದರು. ಪಾಪ ಎನಿಸಿ ತೂಬಜ್ಜ ಅವರ ಬೆನ್ನು ಸವರಿದ್ದ.

"ಎಲ್ಲರೂ ಜಾಗ ಮೊದಲು ಹೇಳ್ತಾರೆ, ಈ ಪುಣ್ಯಾತ್ಮ ಕೊನೇಲಿ," ಎಂದು ಅಂಗಡಿಯಾಕೆ ವೈರು ಸುತ್ತುತ್ತ ಹೇಳಿದಳು. "ಕತ್ತರಿಸಬೇಕು ಅಂತ ಯಾರಿಗೂ ಹೊಳೀಲಿಲ್ಲ ನೋಡಿ. ಕೇಳಿದೋರೆಲ್ಲ ಹೆಜ್ಜೆ ಎಣಿಸಿಕೊಂಡು ಹೊರಟೇಬಿಟ್ರಂತೆ. ಹಕ್ಕಿ ಓಡಿಹೋಯ್ತಂತೆ, ಪಾಪ. ಯಾಕಜ್ಜಾ, ಸದ್ದು ಜೋರಾಯ್ತಾ?"

"ಇಲ್ಲಮ್ಮ. ಚೆನ್ನಾಗಿ ಕೇಳಿಸ್ತು."

ಮೇಷ್ಟ್ರು ಎರಡು ಲೋಟ ಹಿಡಿದು ಬಂದರು. ಒಂದನ್ನು ತೂಬಜ್ಜನ ಎಡಕ್ಕಿಟ್ಟರು. ಸಕ್ಕರೆ ಕಡಿಮೆ ಹಾಕಿಸಿದ್ದರು, ಅದನ್ನು ಯಾವತ್ತೂ ಮರೆಯುತ್ತಿರಲಿಲ್ಲ.

"ಯಾವುದು ಗಟ್ಟಿಯಾಯ್ತು?"

"ಎರಡನೇದು."

"ನಾ ಹೇಳಲಿಲ್ವಾ! ಹಾಗಾದ್ರೆ ನಾಳೆ ಬೆಳಿಗ್ಗೆ ಐದಕ್ಕೆ ಬಂದ್ಬಿಡ್ತೀನಿ. ಈ ಸಲ ತೂಬಿನಿಂದ ಎಷ್ಟು ಹೆಜ್ಜೆ?"

ತೂಬಜ್ಜ ಟೀಯ ಮೇಲೆ ಕಟ್ಟಿದ ಕೆನೆಯನ್ನು ಬೆರಳಲ್ಲಿ ತೆಗೆದು ಲೋಟದ ಅಂಚಿಗೆ ಒರೆಸಿದ. "ಎಲ್ಲಿಗೆ ಬರ್ತೀರ ಮೇಷ್ಟ್ರೇ. ಹಕ್ಕಿ ಬಂದಿಲ್ಲ."

"ಹಾಗಂದ್ರೆ? ಅಷ್ಟು ಖುಷಿಯಾಗಿ ಫೋನಲ್ಲಿ ಹೇಳಿದ್ಯಲ್ಲ!"

"ಗಾಳಿಗೆ ಖಾಲಿ ಡ್ರಮ್ಮು ಕೂಗಿದೆ. ನನ್ನ ಕಿವಿ ಮೋಸ ಮಾಡ್ತು."

"ಛೆ, ಇಷ್ಟು ವರ್ಷ ಇಲ್ಲದ್ದು ಈಗ ಮೋಸ ಮಾಡತ್ತಾ?"

"ಇಷ್ಟು ವರ್ಷ ಪಕ್ಕದಲ್ಲೇ ಇತ್ತಲ್ಲ ಮೇಷ್ಟ್ರೇ. ಗೊತ್ತಾಗಲಿಲ್ಲ."

ಮೇಷ್ಟ್ರು ಅವನ ಮುಖ ನೋಡಿದರು, ಮೇಜಿನ ಮೇಲಿದ್ದ ಹೆಡ್‌ಫೋನು ನೋಡಿದರು. ಟೀ ಬಿಸಿಯಿದೆ ಎಂದು ಊದತೊಡಗಿದರು.

ಬಸ್ಸಿನಲ್ಲಿ ಮೇಷ್ಟ್ರು ಎಂದಿನಂತೆ ಕಿಟಕಿಯ ಕಡೆ, ತೂಬಜ್ಜನ ಎಡಕ್ಕೆ, ಕೂರಲು ಹೊರಟರು. ತೂಬಜ್ಜ ಮುಂದೆ ನುಗ್ಗಿ ತಾನೇ ಕಿಟಕಿ ಹಿಡಿದ. ಮೇಷ್ಟ್ರು ಬಲಕ್ಕಾದರು. ದಾರಿಯುದ್ದಕ್ಕೂ ಅವರ ತುಟಿ ಆಡುತ್ತಿತ್ತು. ಒಮ್ಮೆ ಕನ್ನಡಕ ತೆಗೆದು ಒರೆಸಿಕೊಂಡರು ಕೂಡ. ತೂಬಜ್ಜನಿಗೆ ಎಡಗಡೆಯ ಗಾಳಿ ಮಾತ್ರ ಕೇಳುತ್ತಿತ್ತು.

ಕೆರೆಯ ನಿಲ್ದಾಣದಲ್ಲಿ ಇಳಿದವನು ಮನೆಯ ದಾರಿ ಹಿಡಿಯಲಿಲ್ಲ. ದೋಣಿ ಕಟ್ಟೆಗೆ ನಡೆದ. ಭಾಮೈದ ದೋಣಿಯನ್ನು ಬೋರಲು ಹಾಕಿ, ಹಲಗೆಗಳ ಸಂದಿಗೆ ನಾರು ತುಂಬಿ ಸುತ್ತಿಗೆಯಲ್ಲಿ ಬಡಿಯುತ್ತಿದ್ದ. ತಲೆ ಅರ್ಧ ನೆರೆತಿತ್ತು. ತೂಬಜ್ಜ ಹತ್ತು ಹೆಜ್ಜೆ ಹಿಂದೆ ನಿಂತು ಜೇಬಿನಿಂದ ಯಂತ್ರ ತೆಗೆದ. ಕೈಗೆ ಬೇರೇನು ಕೆಲಸ ಕೊಡಬೇಕೋ ತಿಳಿಯದೆ ಉಬ್ಬಿದ ಗುಂಡಿಯನ್ನು ಒತ್ತಿದ. ಪುಟ್ಟ ಪರದೆಯಲ್ಲಿ ಒಂದೊಂದು ಏಟಿಗೂ ಗೆರೆಗಳು ನೆಗೆದು ನೆಗೆದು ಬಿದ್ದವು.

ಸುತ್ತಿಗೆ ನಿಂತಿತು. ಭಾಮೈದ ತಿರುಗಿ ನೋಡಿದ. ಗೆರೆಗಳು ಚಪ್ಪಟೆಯಾಗಿ ಮಲಗಿದವು.

ತೂಬಜ್ಜ ಎರಡು ಹೆಜ್ಜೆ ಮುಂದೆ ಬಂದ.

ಭಾಮೈದ ಅವನನ್ನೂ ಅವನ ಕೈಯಲ್ಲಿದ್ದದ್ದನ್ನೂ ಒಂದು ಗಳಿಗೆ ನೋಡಿ, ಮತ್ತೆ ಬಗ್ಗಿ ಬಡಿಯತೊಡಗಿದ. ಇನ್ನೂ ಅರ್ಧ ದೋಣಿಯ ಕೆಲಸ ಉಳಿದಿತ್ತು. ತೂಬಜ್ಜ ಡಾಂಬರಿನ ಡಬ್ಬವನ್ನು ಸರಿಸಿ, ಅಲ್ಲಿದ್ದ ಕಲ್ಲಿನ ಮೇಲೆ ಎಡಗಿವಿಯನ್ನು ದೋಣಿಯ ಕಡೆಗೆ ಮಾಡಿ ಕೂತ.