ತಪ್ಪಿಲ್ಲದ ಕಾಗದ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನಾನು ಮೂವತ್ತೆಂಟು ವರ್ಷದಿಂದ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದೇನೆ. ಹೆಸರು ಮುರುಗೇಶಪ್ಪ. ಬೆನ್ನ ಹಿಂದೆ ಹುಡುಗರು ಇಟ್ಟಿರುವ ಹೆಸರು ಬೇರೆ, ಅದು ನನಗೂ ಗೊತ್ತು. ನನ್ನಲ್ಲಿ ಒಂದೇ ಕಾನೂನು. ಹಾಳೆಯಲ್ಲಿ ಒಂದು ತಪ್ಪು ಬಿದ್ದರೆ ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಹಾಳೆ ಎಳೆದು ಬಿಸಾಕಿ ಮೊದಲಿನಿಂದ ಹೊಡೆಯಬೇಕು. ಟೈಪ್‌ರೈಟರ್‌ಗಳು ಮೂಲೆ ಸೇರಿ ನಾಲ್ಕು ಕಂಪ್ಯೂಟರ್ ಬಂದ ಮೇಲೂ ಆ ಕಾನೂನು ಬದಲಾಗಲಿಲ್ಲ. "ಕೀ ಸರಿಯಿಲ್ಲ ಸರ್" ಎಂದವರಿಗೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಎಲ್ಲರೆದುರೇ ಹೇಳಿ ಮುಖ ಕೆಂಪಾಗಿಸಿದ್ದೇನೆ. ನನ್ನ ಶಿಷ್ಯರು ಇವತ್ತು ಕೋರ್ಟು ಕಚೇರಿಗಳಲ್ಲಿ ಕೂತಿದ್ದಾರೆ. ಆ ಹೆಮ್ಮೆ ನನಗೆ ಬಹಳವೇ ಇತ್ತು.

ಇಂಪನಾ ಭದ್ರಾವತಿಯ ಜನ್ನಾಪುರದ ಹುಡುಗಿ. ಐದು ವರ್ಷದ ಹಿಂದೆ ನನ್ನ ಹತ್ತಿರವೇ ಕನ್ನಡ ಟೈಪಿಂಗ್ ಸೀನಿಯರ್ ಪರೀಕ್ಷೆ ಪಾಸು ಮಾಡಿದವಳು, ಈಗ ತನ್ನೂರಿನಲ್ಲೇ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಾಳೆ. ಈ ಜೂನ್ ತಿಂಗಳ ಒಂದು ಸೋಮವಾರ ಸಂಜೆ ಐದಕ್ಕೆ ಬಂದು, ಬ್ಯಾಗಿನಿಂದ ಹಳೆಯ ನೋಟ್‌ಬುಕ್ ತೆಗೆದು ನನ್ನ ಮೇಜಿನ ಮೇಲಿಟ್ಟಳು.

"ಸರ್, ನಂಗೆ ಗ್ರೀಕ್ ಟೈಪಿಂಗ್ ಹೇಳಿಕೊಡ್ಬೇಕು."

"ಕನ್ನಡದ್ದೇ ಕಲಿಯೋರಿಲ್ಲ, ಗ್ರೀಕ್ ಯಾಕೆ ಮಾರಾಯ್ತಿ?"

ಅವಳು ನಗಲಿಲ್ಲ. ಆಡಿದ ಮಾತಿಗೆ ನನಗೇ ನಾಚಿಕೆಯಾಯಿತು. ಅವಳ ತಾಯಿ ವಿಶಾಲಮ್ಮನ ಹೆಣ ಸೈಪ್ರಸ್ ದೇಶದಿಂದ ಪೆಟ್ಟಿಗೆಯಲ್ಲಿ ಬಂದು ಇನ್ನೂ ಮೂರು ತಿಂಗಳಾಗಿರಲಿಲ್ಲ. ಮಣ್ಣಿಗೆ ನಾನೂ ಹೋಗಿದ್ದೆ.

ವಿಶಾಲಮ್ಮ ನಾಲ್ಕು ವರ್ಷದ ಹಿಂದೆ ಅಲ್ಲಿಗೆ ಹೋಗಿದ್ದು ದೆಸ್ಪಿನಾ ಎಂಬ ಎಂಬತ್ತಾರು ವರ್ಷದ ಮುದುಕಿಯನ್ನು ನೋಡಿಕೊಳ್ಳಲು. ಆ ಊರಿನ ಮಾತು ಗ್ರೀಕ್. ಮಾರ್ಚಿನಲ್ಲಿ ಒಂದು ದಿನ "ಎದೆ ಉರೀತಿದೆ ಮಗಾ, ನಾಳೆ ಆಸ್ಪತ್ರೆಗೆ ಹೋಗಿ ತೋರಿಸ್ಕೊಳ್ತೀನಿ" ಎಂದು ಮಗಳಿಗೆ ಫೋನಿನಲ್ಲಿ ದನಿ ಮುದ್ರಿಸಿ ಕಳಿಸಿದ್ದಳು. ಎರಡು ದಿನದ ಮೇಲೆ ಅವಳನ್ನು ಕೆಲಸಕ್ಕೆ ಕಳಿಸಿದ್ದ ಏಜೆನ್ಸಿಯವರು ಕರೆ ಮಾಡಿ, ಮಲಗಿದ್ದಲ್ಲೇ ಹೃದಯ ನಿಂತಿತು ಎಂದರು. ಪೆಟ್ಟಿಗೆ ತೆಗೆದಾಗ ಹಣೆಯ ಮೇಲೆ ಅಂಗೈ ಅಗಲದ ಕಪ್ಪು ಗಾಯವಿತ್ತು. ಮಲಗಿದ್ದವಳಿಗೆ ಗಾಯ ಹೇಗಾಯಿತೆಂದು ಕೇಳಿದ್ದಕ್ಕೆ ಏಜೆನ್ಸಿಯವರು ಫೋನ್ ಎತ್ತುವುದನ್ನೇ ನಿಲ್ಲಿಸಿದರು.

"ಏನಾಯ್ತು ಅಂತ ಗೊತ್ತಾಗ್ದೆ ನಂಗೆ ಅಳೋಕೂ ಆಗ್ತಿಲ್ಲ ಸರ್" ಎಂದಳು ಇಂಪನಾ.

ಪೆಟ್ಟಿಗೆಯ ಜೊತೆ ಬಂದ ತಾಯಿಯ ಫೋನಿನಲ್ಲಿ ದೆಸ್ಪಿನಾಳ ನಂಬರ್ ಇತ್ತು. ಇಂಪನಾ ಅನುವಾದ ಮಾಡುವ ಆ್ಯಪ್ ಹಿಡಿದು ಅವಳಿಗೆ ಬರೆದಿದ್ದಳು. ಬಂದ ಉತ್ತರವನ್ನು ಅದೇ ಆ್ಯಪಿನಲ್ಲಿ ಓದಿ ತೋರಿಸಿದಳು. "ಯಂತ್ರದ ಗ್ರೀಕನ್ನು ನಾನು ನಂಬುವುದಿಲ್ಲ. ಹೀಗೆ ಬರೆದು ಮೋಸ ಮಾಡುವವರಿದ್ದಾರೆ ಎಂದು ಮಗ ಹೇಳುತ್ತಾನೆ. ನೀನು ವಿಶಾಲಾಳ ಮಗಳೇ ಆಗಿದ್ದರೆ ಅವಳ ಪುಸ್ತಕ ನಿನ್ನ ಹತ್ತಿರ ಇರುತ್ತದೆ. ಅದರಲ್ಲಿರುವ ಮಾತುಗಳಲ್ಲಿ ನೀನೇ ಬರಿ. ಕೈಬರಹ ನನ್ನ ಕಣ್ಣಿಗೆ ಕಾಣುವುದಿಲ್ಲ, ಟೈಪ್ ಮಾಡಿ ಕಳಿಸು. ಆ ದಿನ ಮನೆಯಲ್ಲಿ ನಾವಿಬ್ಬರೇ ಇದ್ದೆವು. ನಿನಗೆ ಹೇಳುತ್ತೇನೆ."

ಪುಸ್ತಕ ಎಂದರೆ ತಾಯಿಯ ಸಾಮಾನಿನ ಜೊತೆ ಬಂದು ಈಗ ಮೇಜಿನ ಮೇಲಿದ್ದ ಆ ನೋಟ್‌ಬುಕ್. ಎಡಗಡೆ ವಿಶಾಲಮ್ಮನ ದುಂಡು ಕನ್ನಡ, ಬಲಗಡೆ ಮುದುಕಿಯ ನಡುಗುವ ಗ್ರೀಕ್. ನೀರು, ಅನ್ನ, ನೋವು, ಮಗಳು, ನಿಧಾನ, ಬಾ. ನಾಲ್ಕು ವರ್ಷದಲ್ಲಿ ಇಬ್ಬರೂ ಕೂಡಿ ನೂರಿಪ್ಪತ್ತು ಪುಟ ತುಂಬಿಸಿದ್ದರು. ಗ್ರೀಕ್ ಪದಗಳ ತಲೆಯ ಮೇಲೆ ಒಂದೊಂದು ಓರೆ ಗೀಟು. ನಮ್ಮಲ್ಲಿ ದೀರ್ಘವಿದೆ, ಒತ್ತಿದೆ, ಸೊನ್ನೆಯಿದೆ. ಪದದ ಯಾವ ಜಾಗದಲ್ಲಿ ದನಿ ಏರಬೇಕೆಂದು ಗೀಟು ಹಾಕುವ ಪದ್ಧತಿ ಇಲ್ಲ. ನನಗೂ ಅದು ಹೊಸದು. ಭಾಷೆ ಬಾರದಿದ್ದರೇನು, ಕೀಲಿಮಣೆ ನನ್ನದೇ ಎಂದುಕೊಂಡು ಒಪ್ಪಿದೆ.

ಗ್ರೀಕ್ ಕೀಲಿಮಣೆಯಲ್ಲಿ ಆ ಗೀಟಿನ ಕೀ ಬಲಗೈ ಕಿರುಬೆರಳಿನ ಕೆಳಗಿದೆ. ಅದನ್ನು ಒತ್ತಿದರೆ ಪರದೆಯ ಮೇಲೆ ಏನೂ ಮೂಡುವುದಿಲ್ಲ. ಆಮೇಲೆ ಅಕ್ಷರ ಒತ್ತಿದಾಗ ಅದು ಗೀಟು ಹೊತ್ತುಕೊಂಡು ಬರುತ್ತದೆ. ಕನ್ನಡದ ಕೈಗೆ ಇದೇ ದೊಡ್ಡ ತೊಡಕು. ನಾವು ಮೊದಲು ಅಕ್ಷರ ಹೊಡೆದು ಆಮೇಲೆ ಕೊಂಬು, ಗುಡಿಸು ಕೊಡುವವರು. ಇಂಪನಾಳ ಬೆರಳು ಹಳೆಯ ಅಭ್ಯಾಸದಲ್ಲಿ ಅಕ್ಷರಕ್ಕೇ ಮೊದಲು ಓಡುತ್ತಿತ್ತು, ಗೀಟು ಮುಂದಿನ ಅಕ್ಷರದ ತಲೆಗೆ ಹೋಗಿ ಕೂರುತ್ತಿತ್ತು. ದಿನಾ ಕೆಲಸ ಮುಗಿಸಿ ಬಸ್ಸು ಹತ್ತಿ ಬಂದು, ಏಳರವರೆಗೆ ಕೂತು ಹೊಡೆದು, ಮತ್ತೆ ಬಸ್ಸು ಹಿಡಿದು ಹೋಗುತ್ತಿದ್ದಳು.

ಕಾಗದ ಏಳೇ ಸಾಲಿನದು. ನಾನು ವಿಶಾಲಾಳ ಮಗಳು. ಅಮ್ಮ ಯಾವಾಗ ಬಿದ್ದಳು? ನೋವೆಂದಳಾ? ಡಾಕ್ಟರನ್ನು ಕರೆದರಾ? ಹೀಗೇ ಸಾಗಿ, ಕೊನೆಯ ಸಾಲಿನಲ್ಲಿ, ಅಮ್ಮನ ಬಾಯಿಗೆ ನೀರು ಬಿಟ್ಟವರು ಯಾರು ಎಂದಿತ್ತು. ಪ್ರಾಣ ಹೋಗುವಾಗ ಬಾಯಿಗೆ ಒಂದು ಗುಟುಕು ನೀರು ಬಿಡಲು ಯಾರಾದರೂ ಇದ್ದರೇ ಎಂಬುದೇ ಆ ಹುಡುಗಿಯನ್ನು ಎಲ್ಲಕ್ಕಿಂತ ಹೆಚ್ಚು ತಿನ್ನುತ್ತಿತ್ತು. ಬಸ್ಸಿನಲ್ಲಿ ಬರುವಾಗಲೂ ಅದೇ ಯೋಚನೆಯಂತೆ.

ಹತ್ತನೆಯ ದಿನ ಏಳೂ ಸಾಲು ಹೊಡೆದು ಮುಗಿಸಿ ನನ್ನನ್ನು ಕರೆದಳು. ನೋಟ್‌ಬುಕ್ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಪದ ಹೋಲಿಸಿ ನೋಡಿದೆ. ಎರಡು ಕಡೆ ಗೀಟು ತಪ್ಪಿತ್ತು, ಮಗಳು ಎಂಬಲ್ಲಿ ಒಂದು, ನೀರು ಎಂಬಲ್ಲಿ ಒಂದು.

"ಎರಡೇ ಅಲ್ವಾ ಸರ್? ಅವ್ರಿಗೆ ಅರ್ಥ ಆಗತ್ತೆ. ಕಳಿಸಿಬಿಡ್ಲಾ?"

"ಗೀಟು ಜಾಗ ಬಿಟ್ರೆ 'ಯಾವಾಗ' ಅನ್ನೋ ಪದ 'ಎಂದೂ ಇಲ್ಲ' ಅಂತ ಆಗತ್ತೆ ಅಂತ ನೀನೇ ತೋರಿಸಿದ್ದೆ."

"ಆ ಪದ ಸರಿ ಇದೆಯಲ್ಲ ಸರ್."

"ಇವತ್ತು ಇದು ಸರಿ, ನಾಳೆ ಅದು ತಪ್ಪು. ತಪ್ಪಿರೋ ಹಾಳೆ ಈ ಬಾಗಿಲು ದಾಟಿದ್ದೇ ಇಲ್ಲ. ಮೊದಲಿಂದ ಹೊಡಿ."

ಹೀಗೆಂದು ನಾನೇ ಕೈ ಹಾಕಿ ಏಳೂ ಸಾಲು ಅಳಿಸಿದೆ. ಅಳಿಸುವ ಕೀ ಮುಟ್ಟಬಾರದೆಂಬ ಕಾನೂನು ಕಲಿಯುವವರಿಗೆ, ನನಗಲ್ಲ. ಇಂಪನಾ "ಆಯ್ತು ಸರ್" ಎಂದು ಮತ್ತೆ ಮೊದಲ ಸಾಲಿಗೆ ಬೆರಳಿಟ್ಟಳು. ಎದುರು ಮಾತಾಡುವುದನ್ನು ನಾನು ಯಾರಿಗೂ ಕಲಿಸಿರಲಿಲ್ಲ.

ಚಹಾ ತಂದಿದ್ದ ನನ್ನ ಹೆಂಡತಿ ಉಮಾಮಹೇಶ್ವರಿ ಬಾಗಿಲಲ್ಲೇ ನಿಂತು ಇದನ್ನೆಲ್ಲ ನೋಡಿದ್ದಳು. ಹುಡುಗಿ ಹೋದ ಮೇಲೆ ಕೇಳಿದಳು.

"ಅಲ್ಲ ರೀ, ತಾಯಿ ಹೆಂಗೆ ಸತ್ಲು ಅಂತ ಕೇಳೋ ಕಾಗದ ಅದು. ಅದಕ್ಕೂ ನೀವು ಮಾರ್ಕ್ಸ್ ಹಾಕ್ತೀರಾ?"

"ನಿಂಗೆ ಗೊತ್ತಾಗಲ್ಲ, ಸುಮ್ನಿರು."

ನಿಜ ಹೇಳಬೇಕೆಂದರೆ ನನಗೆ ಆ ಕಾಗದದ ಮೇಲೆ ಆಸೆ ಹುಟ್ಟಿತ್ತು. ಶಿವಮೊಗ್ಗದಲ್ಲಿ ಕೂತು ಗ್ರೀಕಿನಲ್ಲಿ ಒಂದು ತಪ್ಪಿಲ್ಲದ ಪುಟ ಹೊಡೆಸಿದ ಮೇಷ್ಟ್ರು ಎನಿಸಿಕೊಳ್ಳಬೇಕಿತ್ತು. ಮೂರು ವರ್ಷದಿಂದ ನನ್ನಲ್ಲಿ ಬ್ಯಾಚಿಗೆ ನಾಲ್ಕು ಜನವೂ ಸೇರುತ್ತಿರಲಿಲ್ಲ. ನನ್ನ ವಿದ್ಯೆ ಇನ್ನೂ ಯಾರಿಗೋ ಬೇಕಾಗಿದೆ ಎಂಬ ಸುಖವನ್ನು ಬೇಗ ಮುಗಿಸಲು ನನಗೆ ಮನಸ್ಸಿರಲಿಲ್ಲ.

ಇಪ್ಪತ್ತೆರಡನೆಯ ದಿನ ಕಾಗದ ತಪ್ಪಿಲ್ಲದೆ ಬಂತು. ಮೂರು ಸಲ ನೋಡಿದೆ, ಒಂದು ಗೀಟೂ ಆಚೀಚೆ ಇರಲಿಲ್ಲ. "ಶಹಬ್ಬಾಸ್" ಎಂದೆ. ನಾನು ಆ ಮಾತನ್ನು ಹೇಳುವುದು ವರ್ಷಕ್ಕೊಮ್ಮೆ. ಅವಳು ಕಣ್ಣು ಮುಚ್ಚಿಕೊಂಡು ಕಳಿಸಿದಳು.

ಮರುದಿನ ಐದಕ್ಕೆ ಸರಿಯಾಗಿ ಬಂದವಳು ಕೂರಲಿಲ್ಲ. ಫೋನನ್ನು ನನ್ನ ಕೈಗೆ ಕೊಟ್ಟಳು. ಉತ್ತರ ಬರೆದಿದ್ದವನು ದೆಸ್ಪಿನಾಳ ಮಗ. ಆ್ಯಪ್ ಅದನ್ನು ಕನ್ನಡಕ್ಕೆ ಇಳಿಸಿತ್ತು.

"ಅಮ್ಮ ತೀರಿಕೊಂಡು ಇವತ್ತಿಗೆ ಒಂದು ವಾರ. ಕೊನೆಯ ದಿನದವರೆಗೂ ಬೆಳಗಾದರೆ ಫೋನ್ ಕೇಳುತ್ತಿದ್ದಳು, ವಿಶಾಲಾಳ ಮಗಳು ಬರೆದಳಾ ಎಂದು. ನೀವು ಮೋಸಗಾರರು ಎಂದು ನಾನೇ ತಿಳಿದಿದ್ದೆ, ಕ್ಷಮಿಸಿ. ಆ ದಿನ ನಾನು ಊರಲ್ಲಿರಲಿಲ್ಲ. ಏನಾಯಿತೆಂದು ಎಷ್ಟು ಕೇಳಿದರೂ ನನಗೆ ಹೇಳಲಿಲ್ಲ. ಅವಳ ಮಗಳಿಗೇ ಹೇಳುತ್ತೇನೆ ಎನ್ನುತ್ತಿದ್ದಳು."

ನಾನು ಕೆಳಗಿದ್ದ ಮೂಲ ಗ್ರೀಕನ್ನು ನೋಡಿದೆ. ಅದರಲ್ಲಿ ಎಲ್ಲಿಯೂ ಒಂದು ಗೀಟಿರಲಿಲ್ಲ. ಬೆರಳಿನಿಂದ ಮೇಲಕ್ಕೆ ಸರಿಸಿ ಮುದುಕಿಯ ಮೊದಲ ಸಂದೇಶ ತೆಗೆದೆ. ಅದರಲ್ಲೂ ಇರಲಿಲ್ಲ. ಫೋನಿನಲ್ಲಿ ಬರೆಯುವಾಗ ಅವರಲ್ಲಿ ಎಷ್ಟೋ ಜನ ಅದನ್ನು ಹಾಕುವುದೇ ಇಲ್ಲವಂತೆ. ಇಪ್ಪತ್ತೆರಡು ದಿನವೂ ಆ ಸಂದೇಶ ನಮ್ಮ ಹತ್ತಿರವೇ ಇತ್ತು, ನಾನು ಒಮ್ಮೆಯೂ ತೆಗೆದು ನೋಡಿರಲಿಲ್ಲ.

ಇಂಪನಾ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಬೆರಳಿಟ್ಟು ದಿನ ಎಣಿಸುತ್ತಿದ್ದಳು.

"ಹತ್ತನೇ ದಿನ ಕಳಿಸಿದ್ರೆ ಇನ್ನೂ ಆರು ದಿನ ಇದ್ರು ಸರ್" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ತಪ್ಪಾಯ್ತಮ್ಮ" ಎಂದೆ. ಆ ಕೋಣೆಯಲ್ಲಿ ನಾನು ಆ ಮಾತನ್ನು ಹೇಳಿದ್ದು ಅದೇ ಮೊದಲು. ಅವಳು ಕೇಳಿಸಿಕೊಂಡಳೋ ಇಲ್ಲವೋ, ಹೋಗಿ ಕಂಪ್ಯೂಟರಿನ ಮುಂದೆ ಕೂತಳು. ಮುದುಕಿಯ ಮಗನಿಗೆ ಎರಡು ಸಾಲು ಬರೆಯತೊಡಗಿದಳು. ಕಿರುಬೆರಳು ಮೊದಲು, ಅಕ್ಷರ ಆಮೇಲೆ, ಎಲ್ಲೂ ತಡವರಿಸದೆ.

"ನೋಡ್ಲಾ?" ಎಂದು ಕೇಳಿದೆ.

"ಬೇಡ ಸರ್" ಎಂದು ಕಳಿಸಿ ಎದ್ದಳು. ನೋಟ್‌ಬುಕ್ ಬ್ಯಾಗಿಗೆ ಹಾಕಿಕೊಂಡು ಮೆಟ್ಟಿಲಿಳಿದು ಹೋದಳು. ಆಮೇಲೆ ಬಂದಿಲ್ಲ.

ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎಂದು ಉಮಾ ಸಮಾಧಾನ ಹೇಳುತ್ತಾಳೆ. ಅದು ತಾನಾಗಿ ಮಿಂಚಿಹೋಗಲಿಲ್ಲ, ನಾನು ಹಿಡಿದು ನಿಲ್ಲಿಸಿದ್ದೆ. ವಿಶಾಲಮ್ಮನ ಬಾಯಿಗೆ ನೀರು ಬಿಟ್ಟವರು ಇದ್ದರೋ ಇಲ್ಲವೋ ಎಂದು ತಿಳಿದಿದ್ದ ಒಬ್ಬಳೇ ಒಬ್ಬಳು, ನಾನು ಆ ಏಳು ಸಾಲು ಅಳಿಸಿದ ಮೇಲೂ ಆರು ದಿನ ಹೇಳಲು ಕಾದು ಸತ್ತಳು. ಇನ್ನು ಆ ಹುಡುಗಿಗೆ ಅದನ್ನು ಹೇಳುವವರು ಯಾರೂ ಇಲ್ಲ.