ಪ್ಲಗ್ಗು ತೆಗೆದ ಮರುದಿನ

ಗುಡುಗು ಶುರುವಾಯಿತೆಂದರೆ ಕುಸುಮಮ್ಮ ಹಾಸಿಗೆಯಲ್ಲಿ ಇರುವವರಲ್ಲ. ಟಿ.ವಿ., ಫ್ರಿಜ್ಜು, ಪಂಪು, ವೈಫೈ ಡಬ್ಬಿ ಎಂದು ಒಂದೊಂದೇ ಪ್ಲಗ್ಗು ಕಿತ್ತು, ಕೊನೆಗೆ ಮೈನ್ ಸ್ವಿಚ್ಚನ್ನೂ ಕೆಳಗಿಳಿಸುವವರು. ಮುಂಡಾಜೆಯಲ್ಲಿ ಎಲ್ಲ ಮನೆಯಲ್ಲೂ ಅದು ಹಾಗೆಯೇ. ಹಿಂದೊಮ್ಮೆ ಸಿಡಿಲಿಗೆ ಟಿ.ವಿ.ಯೂ ಪಂಪಿನ ಮೋಟಾರೂ ಒಟ್ಟಿಗೇ ಸುಟ್ಟುಹೋದ ಮೇಲೆ ಅವರು ಈ ಕೆಲಸವನ್ನು ಬೇರೆ ಯಾರಿಗೂ ಬಿಟ್ಟುಕೊಟ್ಟದ್ದಿಲ್ಲ. ನಿನ್ನೆ ಮೊದಲ ಮಿಂಚಿಗೇ ಶೆಡ್ಡಿಗೆ ಹೋಗಿ, ಚಾರ್ಜಿಗೆ ಹಾಕಿದ್ದ ಕರೆಂಟಿನ ಕಾರಿನ ಪ್ಲಗ್ಗನ್ನೂ ಕಿತ್ತಿದ್ದರು. ಅದಕ್ಕೆ ಮಳೆಯ ಎರಚಲು ತಾಗದಂತೆ ಪ್ಲಾಸ್ಟಿಕ್ ತೊಟ್ಟೆಯನ್ನೂ ಕಟ್ಟಿದ್ದರು.

ಬೆಳಿಗ್ಗೆ ಆ ತೊಟ್ಟೆಯನ್ನು ನೋಡಿದ್ದೇ ಸೊಸೆ ಸುಪ್ರೀತಾ ಕಾರಿನ ಬಾಗಿಲು ತೆರೆದಳು. ಕಾರಿನ ಪರದೆ ಇಪ್ಪತ್ತೆಂಟು ಪರ್ಸೆಂಟು ತೋರಿಸುತ್ತಿತ್ತು. ಈಗ ಚಾರ್ಜಿಗೆ ಹಾಕುವ ಎಂದರೆ ಎಲ್ಲಿಯೋ ಮರ ಬಿದ್ದು ಊರಿಗೇ ಕರೆಂಟಿಲ್ಲ.

ಬೇರೆ ದಿನವಾದರೆ ಇಪ್ಪತ್ತೆಂಟು ಧಾರಾಳ ಸಾಕು. ಆದರೆ ಇವತ್ತು ಅತ್ತೆಯ ಡಯಾಲಿಸಿಸ್ಸಿನ ದಿನ. ಹತ್ತಿರದಲ್ಲೆಲ್ಲೂ ಹಾಸಿಗೆ ಖಾಲಿ ಇರದೆ ಮೂಡುಬಿದಿರೆಯಲ್ಲಿ ಪಾಳಿ ಸಿಕ್ಕಿತ್ತು. ಐವತ್ತು ಕಿಲೋಮೀಟರಿಗೆ ಮೇಲೆ. ಹತ್ತು ಗಂಟೆಗೆ ಹಾಸಿಗೆಯ ಮೇಲಿರಬೇಕು. ತಡವಾದರೆ ಹಾಸಿಗೆ ಮುಂದಿನವರಿಗೆ. ಮಾರ್ಚಿನಲ್ಲಿ ಒಂದು ಪಾಳಿ ತಪ್ಪಿದ್ದಕ್ಕೆ ಅತ್ತೆಗೆ ಶ್ವಾಸಕೋಶದಲ್ಲಿ ನೀರು ತುಂಬಿ, ನಾಲ್ಕು ದಿನ ಆಕ್ಸಿಜನ್ನಿನಲ್ಲಿಟ್ಟಿದ್ದರು. ಇವತ್ತು ಆಗಲೇ ಅವರ ಪಾದ ಚಪ್ಪಲಿಗೆ ಹಿಡಿಸುತ್ತಿರಲಿಲ್ಲ.

ಸುಪ್ರೀತಾ ಪಕ್ಕದ ಮನೆಯ ಅಬ್ದುಲ್ ಶುಕೂರರಿಗೆ ಫೋನು ಮಾಡಿದಳು. ಅವರ ಓಮ್ನಿ ಮದುವೆಯ ಜನ ಹಾಕಿಕೊಂಡು ಆಗಲೇ ಫರಂಗಿಪೇಟೆ ಮುಟ್ಟಿತ್ತು.

"ನಿನ್ನ ಕಾರಿಗೆ ಎಂತ ಆಯ್ತು ತಂಗೀ?"

"ಏನಿಲ್ಲ ಶುಕೂರಾಕ, ಸುಮ್ಮನೆ ಕೇಳಿದ್ದು."

ಹಾಗೆ ಹೇಳಿ ಫೋನಿಟ್ಟ ಮೇಲೆ ಅವಳಿಗೇ ಕಸಿವಿಸಿಯಾಯಿತು. ಈ ಕಾರು ತರುವಾಗ ಮಾತಾಡದವರಿರಲಿಲ್ಲ. ಗಂಡ ಲತೇಶ್ ಶಾರ್ಜಾದಿಂದ ಪೆಟ್ರೋಲಿನದ್ದೇ ಇರಲಿ ಎಂದಿದ್ದ. ಮೈದುನನಂತೂ ಅದಕ್ಕೆ 'ಮೊಬೈಲು' ಎಂದು ಹೆಸರಿಟ್ಟಿದ್ದ. ಹಟ ಹಿಡಿದು ತಂದವಳು ಅವಳೇ.

ಚಾರ್ಜಿನ ವಯರನ್ನು ಸುತ್ತಿ ಕಾರಿನೊಳಗಿಟ್ಟು, "ಮಾಮೀ, ಹೊರಡುವ," ಎಂದಳು.

ಕುಸುಮಮ್ಮ ಪರದೆಯ ಅಂಕಿಯನ್ನು ನೋಡಿದರು. ಸೊಸೆಯ ಮುಖ ನೋಡಲಿಲ್ಲ. "ನಾನು ತೆಗೆದದ್ದಲ್ವಾ?"

"ಸಿಡಿಲು ಬಡಿದಿದ್ದರೆ ಕಾರೇ ಇರ್ತಿರಲಿಲ್ಲ. ಕೂತ್ಕೊಳ್ಳಿ."

ಎ.ಸಿ. ಹಾಕಲಿಲ್ಲ. ಗಾಜು ಇಳಿಸಿದರೂ ಮೇ ತಿಂಗಳ ಸೆಕೆಗೆ ಬೆನ್ನು ಸೀಟಿಗೆ ಅಂಟುತ್ತಿತ್ತು. ನಲವತ್ತರ ಮೇಲೆ ಹೋಗದೆ ರಸ್ತೆಯ ಅಂಚು ಹಿಡಿದು ಹೊರಟಾಗ ಹಿಂದಿನ ಬಸ್ಸುಗಳು ಹಾರ್ನು ಹೊಡೆದು ಹೊಡೆದು ಮುಂದೆ ಹೋದವು. ಇಳಿಜಾರು ಬಂದಾಗ ಅವಳು ಆಕ್ಸಿಲರೇಟರಿನಿಂದ ಕಾಲು ಪೂರಾ ತೆಗೆಯುತ್ತಿದ್ದಳು. ಆಗ ಚಕ್ರದಿಂದಲೇ ಒಂದಿಷ್ಟು ಕರೆಂಟು ಬ್ಯಾಟರಿಗೆ ಮರಳುತ್ತದೆ.

ಉಜಿರೆಯಲ್ಲಿ ಲತೇಶನ ಕರೆ ಬಂತು. ಕಾರು ಎಲ್ಲಿದೆ, ಎಷ್ಟು ಚಾರ್ಜಿದೆ ಎಂಬುದೆಲ್ಲ ಶಾರ್ಜಾದಲ್ಲಿ ಕೂತವನ ಫೋನಿನಲ್ಲೂ ಕಾಣುತ್ತಿತ್ತು.

"ಇಪ್ಪತ್ತಮೂರು ತೋರಿಸ್ತಾ ಉಂಟು! ರಾತ್ರಿ ಚಾರ್ಜು ನಿಂತಿದೆ ಅಂತ ಮೆಸೇಜು ಬಂದಿತ್ತು ನಂಗೆ. ಕರೆಂಟು ಹೋಗಿರಬೇಕು, ಬರ್ತದೆ ಅಂತ ಮಲಗಿದೆ."

"ಆಗಲೇ ಒಂದು ಫೋನು ಮಾಡಬಾರದಿತ್ತಾ?"

"ಮುಂಡಾಜೆಯಲ್ಲಿ ಕರೆಂಟು ಹೋದದ್ದಕ್ಕೆಲ್ಲ ಫೋನು ಮಾಡ್ಲಿಕ್ಕೆ ಹೊರಟರೆ ನಾನು ಕೆಲಸ ಮಾಡುವುದು ಯಾವಾಗ ಮಾರಾಯ್ತಿ? ಎ.ಸಿ. ತೆಗಿ."

"ಹಾಕಿದ್ರಲ್ವಾ ತೆಗೀಲಿಕ್ಕೆ!"

ಗುರುವಾಯನಕೆರೆಯ ಹೋಟೆಲೊಂದರ ಹಿಂದೆ ವೇಗದ ಚಾರ್ಜರಿತ್ತು. ಅಲ್ಲಿ ಅರ್ಧ ಗಂಟೆ ಹಾಕಿದರೆ ಸಾಕು ಎಂಬ ಧೈರ್ಯದಲ್ಲೇ ಅವಳು ಮನೆ ಬಿಟ್ಟದ್ದು. ಅಂಗಳಕ್ಕೆ ತಿರುಗಿಸಿ ನೋಡಿದರೆ ಚಾರ್ಜರಿನ ಪರದೆ ಕಪ್ಪಗಿತ್ತು. ಹೋಟೆಲಿನ ಗಲ್ಲಾಪೆಟ್ಟಿಗೆಯ ಬಳಿ ಕೂತಿದ್ದವರು ಹೊರಬಂದರು.

"ನಿನ್ನೆಯ ಸಿಡಿಲಿಗೆ ಹೋಯ್ತು ಅಕ್ಕ. ಮಂಗಳೂರಿಂದ ಜನ ಬರಬೇಕಂತೆ."

ಸುಪ್ರೀತಾ ರಸ್ತೆಯ ಕಡೆ ನೋಡಿದಳು. ಕಾರನ್ನು ಇಲ್ಲೇ ಬಿಟ್ಟು ಬಸ್ಸು ಹಿಡಿಯಬಹುದು. ಆದರೆ ಬಸ್ಸೆಂದರೆ ಅತ್ತೆಗೆ ಹೆದರಿಕೆ. ಮೊದಮೊದಲು ಡಯಾಲಿಸಿಸ್ ಮುಗಿಸಿ ಬಸ್ಸಿನಲ್ಲಿ ಬರುವಾಗ ಬಿ.ಪಿ. ಇಳಿದು, ನಿಂತಲ್ಲೇ ಕುಸಿದಿದ್ದರು. ಕಾರು ತೆಗೆದುಕೊಂಡದ್ದೇ ಆ ಕಾರಣಕ್ಕೆ.

"ಹೋಗುವ ಮಗಾ," ಎಂದರು ಕುಸುಮಮ್ಮ. "ಹೋಗ್ತದೆ ಅದು."

ವೇಣೂರು ದಾಟುವಾಗ ಹನ್ನೆರಡಿತ್ತು. ಪರದೆಯ ಬಣ್ಣ ಹಳದಿಗೆ ತಿರುಗಿತು. ಅತ್ತೆಯ ಉಸಿರಾಟ ಈಗ ಗಾಳಿಯ ಸದ್ದಿನ ನಡುವೆಯೂ ಕೇಳಿಸುತ್ತಿತ್ತು. ಮಾತು ಎರಡೆರಡು ಪದಕ್ಕೆ ತುಂಡಾಗುತ್ತಿತ್ತು. ಸುಪ್ರೀತಾಳ ಕಣ್ಣು ರಸ್ತೆಗಿಂತ ಹೆಚ್ಚಾಗಿ ಅಂಕಿಯ ಮೇಲೆಯೇ ಇತ್ತು. ಹತ್ತಕ್ಕಿಂತ ಕೆಳಗಿಳಿದರೆ ಕಾರು ತಾನಾಗಿಯೇ ನಿಧಾನವಾಗುತ್ತದೆ, ಏರಿನಲ್ಲಿ ಏದುಸಿರು ಬಿಡುತ್ತದೆ ಎಂದು ಅವಳು ಓದಿದ್ದಳು. ಮನೆ ಇಲ್ಲದ, ನೆರಳಿಲ್ಲದ ಯಾವುದೋ ತಿರುವಿನಲ್ಲಿ ಅದು ನಿಂತರೆ? ಆಗ ಕೈಯೆತ್ತಿದರೆ ಯಾವ ಬಸ್ಸು ನಿಲ್ಲಿಸುತ್ತದೆ?

ಪೆರಿಂಜೆ ಹತ್ತಿರ ರಸ್ತೆಗೆ ತಾಗಿಕೊಂಡೇ ಒಂದು ಮನೆ. ಎದುರಿನ ಸಿಟೌಟಿನಲ್ಲಿ ಫ್ಯಾನು ತಿರುಗುತ್ತಿತ್ತು, ಎಂದರೆ ಇಲ್ಲಿ ಕರೆಂಟಿತ್ತು. ಅದನ್ನು ಕಂಡದ್ದೇ ಅವಳು ಬ್ರೇಕು ಒತ್ತಿದಳು.

"ಎಂತಕ್ಕೆ ನಿಲ್ಲಿಸಿದ್ದು?"

"ಇಳೀರಿ ಮಾಮೀ. ಇಲ್ಲಿಂದ ಬಸ್ಸಿನಲ್ಲಿ ಹೋಗುವ."

"ಇನ್ನೂ ಉಂಟಲ್ಲ ಅದ್ರಲ್ಲಿ! ಹನ್ನೊಂದು ಉಂಟು!" ಕುಸುಮಮ್ಮ ಬಾಗಿಲಿನ ಹಿಡಿ ಗಟ್ಟಿ ಹಿಡಿದರು. "ನಾನು ಪ್ಲಗ್ಗು ತೆಗೆದದ್ದಕ್ಕೆ ನೀನು ಊರಿನವರ ಬಾಯಿಗೆ ಬೀಳುವುದು ಬೇಡ. ದಾರಿಯಲ್ಲಿ ಬಿಟ್ಟುಬಂದಳು ಅಂತ ನಗಾಡ್ತಾರೆ. ನಡೆಸು."

"ನಗಾಡಲಿ."

"ನನಗೆ ಏನೂ ಆಗಿಲ್ಲ."

"ಏನೂ ಆಗದವರು ಒಂದೇ ಉಸಿರಿಗೆ ಹತ್ತರವರೆಗೆ ಎಣಿಸಿ ನೋಡುವ."

ಕುಸುಮಮ್ಮ ಎಣಿಸಲು ಹೊರಟರು. ಮೂರಕ್ಕೆ ನಿಂತರು. ಸೊಸೆಯನ್ನು ಸಿಟ್ಟಿನಿಂದ ನೋಡಿದರು. ಆಮೇಲೆ ಮೆಲ್ಲ ಕಾಲು ಹೊರಗಿಟ್ಟರು.

ಮನೆಯಿಂದ ತಲೆಗೆ ಶಾಲು ಎಳೆದುಕೊಳ್ಳುತ್ತ ಒಬ್ಬ ಹೆಂಗಸು ಬಂದಳು. ಹೆಸರು ಶಾಹಿದಾ. ಸುಪ್ರೀತಾ ಅರ್ಧ ಹೇಳುವಷ್ಟರಲ್ಲೇ ಅವಳು ಅತ್ತೆಯ ಪಾದ ನೋಡಿಯಾಗಿತ್ತು.

"ಗ್ರೈಂಡರಿನ ದೊಡ್ಡ ಪ್ಲಗ್ಗು ಉಂಟು, ಅದಕ್ಕೆ ಹಾಕಿ. ಬಸ್ಸು ಈಗ ಬರ್ತದೆ, ನಾನು ನಿಲ್ಲಿಸ್ತೇನೆ. ಡ್ರೈವರು ನಮ್ಮವನೇ. ನಿಲ್ಲಿಸದಿದ್ರೆ ಮನೆಯಲ್ಲಿ ಊಟ ಇಲ್ಲ ಅವನಿಗೆ."

ಸುಪ್ರೀತಾ ಕಾರನ್ನು ಅಂಗಳಕ್ಕೆ ತಿರುಗಿಸಿ ಪ್ಲಗ್ಗು ಹಾಕಿ ಬರುವಷ್ಟರಲ್ಲಿ ಬಸ್ಸು ನಿಂತಿತು. ಡ್ರೈವರು ಕಿಟಕಿಯಿಂದ ಹೆಂಡತಿಯನ್ನು ನೋಡಿ, "ಏನು, ಇವತ್ತು ಜೋರು?" ಎಂದ. ಕಂಡಕ್ಟರು ಮುಂದಿನ ಸೀಟಿನವರನ್ನು ಎಬ್ಬಿಸಿದ. ಕುಸುಮಮ್ಮ ಕಂಬಿಯನ್ನು ಅಪ್ಪಿಕೊಂಡವರಂತೆ ಕೂತರು. ಪ್ರತಿ ತಿರುವಿಗೂ ಸುಪ್ರೀತಾ ಅವರ ಭುಜ ಒತ್ತಿ ಹಿಡಿದಳು. ಕಣ್ಣು ಮುಚ್ಚಿದ್ದು ನಿದ್ದೆಗೋ ಸುಸ್ತಿಗೋ ಎಂದು ತಿಳಿಯದೆ ಮತ್ತೆ ಮತ್ತೆ "ಮಾಮೀ" ಎಂದು ಕರೆದಳು. ಪ್ರತಿ ಸಲವೂ "ಸತ್ತಿಲ್ಲ" ಎಂಬ ಉತ್ತರ ಬಂತು.

ತಲುಪುವಾಗ ಹತ್ತು ದಾಟಿತ್ತು. ನರ್ಸು ಗಡಿಯಾರ ನೋಡಿದಳು, ಕುಸುಮಮ್ಮನ ಮುಖ ನೋಡಿದಳು. "ಇನ್ನು ಸ್ವಲ್ಪ ಹೊತ್ತಾಗಿದ್ರೆ ಬೇರೆಯವರನ್ನು ಮಲಗಿಸ್ತಿದ್ದೆವು," ಎನ್ನುತ್ತಲೇ ಹಾಸಿಗೆಯ ಕಡೆ ಕೈ ತೋರಿಸಿದಳು.

ಯಂತ್ರ ತಿರುಗಲು ಶುರುವಾದ ಮೇಲೆ ಲತೇಶನ ಕರೆ ಬಂತು. "ಕಾರು ಪೆರಿಂಜೆಯಲ್ಲಿ ನಿಂತಿದೆಯಲ್ಲ! ಎಂತ ಆಯ್ತು? ಹನ್ನೊಂದರಲ್ಲಿ ಆರಾಮ ಮುಟ್ಟಬಹುದಿತ್ತು, ನಾನು ಲೆಕ್ಕ ಹಾಕಿದ್ದೇನೆ."

"ಮುಟ್ಟಬಹುದಿತ್ತೋ ಏನೋ. ನಿಮ್ಮ ಅಮ್ಮ ಹಾಸಿಗೆಯ ಮೇಲಿದ್ದಾರೆ. ಕಾರು ಯಾರದೋ ಗ್ರೈಂಡರಿನ ಪ್ಲಗ್ಗಿನಲ್ಲಿದೆ."

ಲತೇಶ್ ಲೆಕ್ಕದ ಮಾತು ಅಲ್ಲಿಗೇ ಬಿಟ್ಟ. "ಅಮ್ಮನಿಗೆ ಉಸಿರು?" ಎಂದು ಕೇಳಿದ.

"ಈಗ ಪರವಾಗಿಲ್ಲ."

ಆದರೆ ಡಯಾಲಿಸಿಸ್ ಮುಗಿದ ಮೇಲೆ ಅತ್ತೆಯನ್ನು ಬಸ್ಸಿಗೆ ಹತ್ತಿಸುವಂತಿಲ್ಲ. ಯಂತ್ರ ನಿಲ್ಲುವುದರೊಳಗೆ ಕಾರು ಬಾಗಿಲಲ್ಲಿರಬೇಕು. ಇಷ್ಟು ದಿನ ಒಮ್ಮೆಯೂ ಅವರನ್ನು ಅಲ್ಲಿ ಒಬ್ಬರನ್ನೇ ಬಿಟ್ಟದ್ದಿಲ್ಲ.

"ಹೋಗು," ಎಂದರು ಕುಸುಮಮ್ಮ ಕಣ್ಣು ತೆರೆಯದೆ. "ನಾನು ಎಲ್ಲಿಗೆ ಓಡಿಹೋಗ್ತೇನೆ, ಕಟ್ಟಿ ಹಾಕಿದ್ದಾರಲ್ಲ."

ಮರಳುವ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನಿಂತ ಸುಪ್ರೀತಾ ಕಿಟಕಿಯಾಚೆ ಬಗ್ಗಿ ರಸ್ತೆಯನ್ನು ನೋಡಿದಳು. ಬರುವಾಗ ಅತ್ತೆಯ ಮುಖವಲ್ಲದೆ ಬೇರೇನೂ ಕಂಡಿರಲಿಲ್ಲ. ಇಲ್ಲೊಂದು ಏರು ಇತ್ತು, ಅಲ್ಲಿ ಇನ್ನೊಂದು. ಹನ್ನೊಂದು ಪರ್ಸೆಂಟಿನಲ್ಲಿ ಕಾರು ಇದನ್ನು ಹತ್ತುತ್ತಿತ್ತೇ? ಹತ್ತುತ್ತಿತ್ತು ಎಂದು ಒಮ್ಮೆ ಅನ್ನಿಸುತ್ತಿತ್ತು. ಮರುಗಳಿಗೆಗೆ ಅತ್ತೆ ಮೂರಕ್ಕೇ ನಿಲ್ಲಿಸಿದ ಎಣಿಕೆ ಕಿವಿಯಲ್ಲಿ ಕೇಳಿಸುತ್ತಿತ್ತು.

ಶಾಹಿದಾಳ ಅಂಗಳದಲ್ಲಿ ಕಾರು ನಿಂತಿತ್ತು. ಪರದೆ ಇಪ್ಪತ್ತೊಂದು ತೋರಿಸಿತು. ಮೂಡುಬಿದಿರೆಗೆ ಸಾಕು. ಅಲ್ಲಿಂದ ಮನೆಗೆ ಸಾಲದು.

"ಚಾ ಕುಡಿದು ಹೋಗಿ," ಎಂದಳು ಶಾಹಿದಾ.

ಸುಪ್ರೀತಾ ಬೇಡವೆನ್ನಲು ಬಾಯಿ ತೆರೆದವಳು, ಇನ್ನಷ್ಟು ಚಾರ್ಜಾಗಲಿ ಎಂದು ಮೆಟ್ಟಿಲ ಮೇಲೆ ಕೂತಳು. ಒಂದು ಕೈಯಲ್ಲಿ ಚಾ, ಇನ್ನೊಂದರಲ್ಲಿ, ಯಂತ್ರ ನಿಲ್ಲಲು ಇನ್ನೆಷ್ಟು ಹೊತ್ತುಂಟು ಎಂದು ಕೇಳಲು ಆಸ್ಪತ್ರೆಯ ನಂಬರು ಒತ್ತಿದ ಫೋನು. ಅತ್ತ ರಿಂಗಾಗುತ್ತಿತ್ತು, ಯಾರೂ ಎತ್ತಿರಲಿಲ್ಲ.